ಅರ್ಧ ಸುತ್ತು ಹೆಚ್ಚು

ಮಾರ್ಚ್ 4, ಮಧ್ಯಾಹ್ನ

ಇವತ್ತೂ ಎಂಟೇ. ಹಾಕಿರುವುದು ಹದಿನಾರು ಜಿಬಿ ರ‍್ಯಾಮ್, ಎಂಟೆಂಟರ ಎರಡು ಪಟ್ಟಿ. ಕಂಪ್ಯೂಟರಿನ ಕಣ್ಣಿಗೆ ಬೀಳುವುದು ಒಂದೇ. ಕಿತ್ತೆ, ಒರೆಸಿದೆ, ಅದಲು ಬದಲು ಮಾಡಿದೆ. ಪಟ್ಟಿಗಳು ಚೆನ್ನಾಗಿಯೇ ಇವೆ — ಎರಡನೇ ಸ್ಲಾಟಿಗೆ ಹೋದದ್ದು ಮಾತ್ರ ಮಂಗಮಾಯ.

ಬೆಳಗ್ಗೆಯಿಂದ ಮುಗಿದದ್ದು ಒಂದೇ ದವಡೆ. ಹಲ್ಲಿನ ಸ್ಕ್ಯಾನ್ ತೆರೆದು ಸ್ವಲ್ಪ ತಿರುಗಿಸಿದರೆ ಸಾಕು, ಪರದೆ ನಿಂತುಹೋಗುತ್ತದೆ. ಕಟ್ಟುಹಲ್ಲಿನ ಡಿಸೈನ್ ಮಾಡುವುದು ಹೇಗೆ? ಕೆಲಸ ಕೊಡುವ ಡೆಂಟಲ್ ಲ್ಯಾಬಿನವಳ ಫೋನ್ ಬೇರೆ.

"ಮೇಡಂ, ಡಾಕ್ಟರು ನನ್ನ ತಲೆ ತಿಂತಿದ್ದಾರೆ. ಈ ವಾರಾನೂ ಲೇಟಾದ್ರೆ ಕೆಲಸ ಬೇರೆಯವ್ರಿಗೆ ಕೊಡ್ತಾರಂತೆ."

ಹೆದರಿಕೆಯಾಯಿತು. ಮನೆಯಲ್ಲೇ ಕೂತು ಮಾಡುವ ಇಂಥ ಕೆಲಸ ಇನ್ನೆಲ್ಲಿ ಸಿಗಬೇಕು ನನಗೆ?

ಮಾರ್ಚ್ 5

ನೀರಿನ ಬಾಟಲಿಯ ಮುಚ್ಚಳ ಬಿಚ್ಚಲು ಇಕ್ಕಳ ಬೇಕಾಯಿತು. ಮುಚ್ಚಿದವರು ಮಾವ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಕೈ, ರಿಟೈರ್ ಆದರೂ ಸುಮ್ಮನಿರದು. ನಲ್ಲಿ, ಡಬ್ಬಿ, ಬಾಗಿಲ ಚಿಲಕ... ಕಂಡದ್ದನ್ನೆಲ್ಲ ಬಿಗಿಯುತ್ತಾರೆ. ನಮ್ಮ ಯಜಮಾನರಿಗೆ ತಮಾಷೆ — "ಅಪ್ಪ ಮುಚ್ಚಿದ್ದನ್ನ ಬಿಚ್ಚೋಕೆ ಅಪ್ಪನೇ ಬರ್ಬೇಕು."

ಕಂಪ್ಯೂಟರ್? ಎಂಟು.

ಮಾರ್ಚ್ 7, ಮಧ್ಯಾಹ್ನ

ಆನ್ ಮಾಡಿದೊಡನೆ ಬರುವ ಬಯೋಸ್ ಪರದೆಯಲ್ಲೂ ಎಂಟೇ. ತಲೆ ಚಿಟ್ಟು ಹಿಡಿದು ರ‍್ಯಾಮ್ ಮಾರಿದ ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದೆ. ಕಳಪೆ ಮಾಲು ತಲೆಗೆ ಕಟ್ಟಿದ್ದೀಯ ಅಂದೆ. ಪಾಪ, ತಾಳ್ಮೆಯಿಂದಲೇ ಕೇಳಿದ.

"ಅಕ್ಕಾ, ಪ್ರೊಸೆಸರ್ ಮೇಲಿನ ಫ್ಯಾನ್ ಯಾರಾದ್ರೂ ಮುಟ್ಟಿದ್ರಾ? ಅದರ ಸ್ಕ್ರೂ ವಿಪರೀತ ಬಿಗಿಯಾದ್ರೆ ಕೆಳಗೆ ಒತ್ತಡ ಬೀಳುತ್ತೆ. ಒಂದೊಂದ್ಸಲ ಅರ್ಧ ರ‍್ಯಾಮೇ ಕಾಣಲ್ಲ."

"ಯಾರೂ ಮುಟ್ಟಿಲ್ಲ!"

ಫೋನಿಟ್ಟ ಮೇಲೆ ನೆನಪಾಯಿತು. ಹೋದ ತಿಂಗಳು ಫ್ಯಾನು ಗೊರಗೊರ ಅನ್ನುತ್ತಿತ್ತು. ನಾನು ಲ್ಯಾಬಿಗೆ ಹೋಗಿ ಬರುವಷ್ಟರಲ್ಲಿ ತಾನಾಗಿಯೇ ಸುಮ್ಮನಾಗಿತ್ತು. ತಾನಾಗಿಯೇ! ನನ್ನ ಬುದ್ಧಿಗಿಷ್ಟು.

ಅದೇ ದಿನ, ಸಂಜೆ

ಮಾವ ವಾಕಿಂಗ್ ಹೋದಾಗ ಬಿಚ್ಚಿದೆ. ನಾಲ್ಕು ಸ್ಕ್ರೂ, ಒಂದೊಂದಕ್ಕೂ ಹಲ್ಲು ಕಚ್ಚಬೇಕಾಯಿತು. ಅರ್ಧರ್ಧ ಸುತ್ತು ಸಡಿಲಿಸಿ ಆನ್ ಮಾಡಿದೆ.

ಹದಿನಾರು. ಅಳುವೇ ಬಂತು.

ಮಾವನಿಗೆ ಹೇಳಲಿಲ್ಲ. ಆ ಕೈಗಳಿಗೆ ಉಳಿದಿರುವುದೇ ನಲ್ಲಿ, ಮುಚ್ಚಳ. ಅದನ್ನೂ ಯಾಕೆ ಕಿತ್ತುಕೊಳ್ಳಲಿ.

ಮಾರ್ಚ್ 11

ಮತ್ತೆ ಎಂಟು. ಕರ್ಮ.

ಹಿಂದೆಯೇ ಮಾವನ ದನಿ. "ನಿನ್ನೆ ನೀನು ಹೊರಗೆ ಹೋದಾಗ ಧೂಳು ಹೊಡೆಯೋಣ ಅಂತ ತೆಗೆದೆ ಕಣಮ್ಮ. ಸ್ಕ್ರೂ ಎಲ್ಲಾ ಲೂಸು! ಯಾರೋ ಅರೆಬರೆ ಕೆಲಸ ಮಾಡಿದ್ದಾರೆ. ಇನ್ನು ಅಲ್ಲಾಡಲ್ಲ ಬಿಡು."

ಮುಖ ಅರಳಿತ್ತು. ಎಷ್ಟು ದಿನವಾಗಿತ್ತು ಹಾಗೆ ನೋಡಿ. ಆದರೆ ಸಂಜೆಯೊಳಗೆ ಮೂರು ದವಡೆ ಕಳಿಸಬೇಕು. ಹೇಳದೆ ವಿಧಿಯಿರಲಿಲ್ಲ.

"ಲೂಸ್ ಮಾಡಿದ್ದು ನಾನೇ, ಮಾವ. ಬಿಗಿಯಾದ್ರೆ ಇದಕ್ಕೆ ಅರ್ಧ ರ‍್ಯಾಮ್ ಕಾಣಲ್ಲ."

ಮಾವ ಸ್ಕ್ರೂಡ್ರೈವರ್ ತಂದು ಬಗ್ಗಿದರು.

"ಎಷ್ಟು?"

"ಅರ್ಧ ಸುತ್ತು ಸಾಕು."

ಈ ಮನೆಯಲ್ಲಿ ಯಾರನ್ನೂ 'ಎಷ್ಟು' ಅಂತ ಕೇಳಿದವರಲ್ಲ ಅವರು.

ಆನ್ ಮಾಡಿದೆ. ಹದಿನಾರು. ಪರದೆ ನೋಡುತ್ತ ನಿಂತೇ ಇದ್ದರು.

"ಅಂದ್ರೆ, ಇಷ್ಟು ದಿನ ನಿನ್ನ ಕೆಲಸ ಕೆಡಿಸಿದ್ದು ನಾನಾ?"

"ಅಯ್ಯೋ, ಬಿಡಿ ಮಾವ" ಅಂದೆ.

ಮಾರ್ಚ್ 20, ಸಂಜೆ

ಕೆಲಸ ಉಳಿಯಿತು. ಲ್ಯಾಬಿನವಳು ಇವತ್ತು ನಕ್ಕು ಮಾತಾಡಿದಳು. ಆದರೆ ಅಲ್ಲಿಗೆ ಹೋಗುವಷ್ಟರಲ್ಲಿ ಬ್ಯಾಗೆಲ್ಲ ಒದ್ದೆ, ಕರ್ಚೀಫೂ ತೊಪ್ಪೆ. ಬಾಟಲಿಯ ಮುಚ್ಚಳ ಸುಮ್ಮನೆ ಮೇಲೆ ಕೂತಿತ್ತು, ಅಷ್ಟೇ.

ಬಂದವಳೇ ಅಡುಗೆಮನೆ ನೋಡಿದೆ. ಸಕ್ಕರೆ ಡಬ್ಬಿ, ಎಣ್ಣೆ ಬಾಟಲಿ, ಉಪ್ಪಿನ ಜಾಡಿ — ಎಲ್ಲವೂ ಮುಟ್ಟಿದರೆ ತೆರೆದುಕೊಳ್ಳುತ್ತವೆ. ನಲ್ಲಿ ತೊಟ್ಟಿಕ್ಕುತ್ತಿದೆ. ಇವರಿಗೆ ಖುಷಿಯೋ ಖುಷಿ, ಅಂತೂ ಅಪ್ಪ ದಾರಿಗೆ ಬಂದರು ಅಂತ.

ಮಾವ ನಡುಮನೆಯಲ್ಲಿ ಕೂತಿದ್ದಾರೆ. ಟೀವಿ ಹಾಕಿಲ್ಲ. ಕೈ ಎರಡೂ ತೊಡೆಯ ಮೇಲೆ.

ಬಾಟಲಿ ತುಂಬಿಸಿಟ್ಟುಕೊಂಡಿದ್ದೇನೆ. ಈಗಲೇ ಎದ್ದು ಹೋಗಿ ಕೇಳಬೇಕು — ಮಾವ, ನನ್ನ ಕೈಯಲ್ಲಿ ಆಗ್ತಿಲ್ಲ, ಇದನ್ನ ಸ್ವಲ್ಪ ಗಟ್ಟಿಯಾಗಿ ಮುಚ್ಚಿಕೊಡಿ.