ಆಮ್ಲದಲ್ಲಿ ಮುಚ್ಚುವ ಬಾಗಿಲು

ಮಾರ್ಚ್ ೪, ಬೆಳಿಗ್ಗೆ ೬
ಲ್ಯಾಬಿನ ಮುಖ್ಯಸ್ಥರ ಮೇಲಿನ ದೂರಿನ ಮೊದಲ ಸಾಲು ಮುಗಿಯಿತು. ಪೂರ್ಣ ಹೆಸರು, ನಿವೃತ್ತ ಜೀವಶಾಸ್ತ್ರ ಅಧ್ಯಾಪಕಿ, ಸೇವೆ ಮೂವತ್ತಮೂರು ವರ್ಷ ನಾಲ್ಕು ತಿಂಗಳು. ಎರಡನೆಯ ಸಾಲನ್ನು ಮೂರು ಸಲ ಹೊಡೆದುಹಾಕಿದೆ. ವಯಸ್ಸಿನಿಂದಲ್ಲ, ಸಿಟ್ಟಿನಿಂದ.

ತಂಗಿಯ ಮಗಳು ನಾಲ್ಕು ವರ್ಷದಿಂದ ಒಂದೇ ಪ್ರೋಟೀನಿನ ಬೆನ್ನು ಹತ್ತಿದ್ದಾಳೆ. ಬ್ಯಾಕ್ಟೀರಿಯಾದ ಪೊರೆಯಲ್ಲಿ ಕ್ಯಾಲ್ಸಿಯಂ ನುಸುಳುವ ಕಿರುಬಾಗಿಲು ಅದು. ಆಮ್ಲ ಹೆಚ್ಚಿದರೆ ಮುಚ್ಚುತ್ತದೆ, ತಗ್ಗಿದರೆ ತೆರೆಯುತ್ತದೆ. ಪ್ರೋಟೀನಿನ ಸರಪಳಿಯ ಎರಡು ಕೊಂಡಿಗಳು, ಆಸ್ಪಾರ್ಟೇಟ್‌ಗಳು, ಕೈಹಿಡಿದು ಚಿಲಕವಾಗುತ್ತವೆ. ಜೀವಂತ ಬ್ಯಾಕ್ಟೀರಿಯಾದಲ್ಲಿ ಅವಳು ಅಳೆದದ್ದು ಹೀಗೆ. ಅದೇ ಪ್ರೋಟೀನನ್ನು ಟ್ರೇಯಲ್ಲಿ ಹರಳುಗಟ್ಟಿಸಿ ತೆಗೆದ ಚಿತ್ರ ಮಾತ್ರ ತದ್ವಿರುದ್ಧ — ಆಮ್ಲದಲ್ಲೇ ಬಾಗಿಲು ತೆರೆದಿದೆ! ದ್ರಾವಣ ಬೆರೆಸುವಾಗ ಇವಳೇ ಎಡವಿದಳೆಂದು ಲ್ಯಾಬಿನ ಮುಖ್ಯಸ್ಥರ ತೀರ್ಪು. ಪ್ರಬಂಧದಿಂದ ಹೆಸರು ತೆಗೆಯುತ್ತಾರಂತೆ.

ಮಾರ್ಚ್ ೫, ಸಂಜೆ
ಹೋಗಿ ಕೇಳಿಯೇ ಬಿಟ್ಟೆ.
"ಮೇಡಂ, ಇದು ನಿಮ್ಮ ಹೈಸ್ಕೂಲಲ್ಲ," ಎಂದರು ಮುಖ್ಯಸ್ಥರು.
"ಅಲ್ಲ ಅಂತ ಕಾಣ್ತಾ ಇದೆ. ಅಲ್ಲಿ ಉತ್ತರ ತಪ್ಪಿದ್ರೆ ಲೆಕ್ಕ ಮತ್ತೆ ನೋಡ್ತಿದ್ವಿ. ಮಗೂನ ಹೊರಗೆ ಹಾಕ್ತಿರ್ಲಿಲ್ಲ."
"ಹರಳು ನಾನೇ ತೆಗ್ದಿದ್ದು. ಟ್ರೇಯಲ್ಲಿ ಎಡಕ್ಕೆ ಆಮ್ಲ, ಬಲಕ್ಕೆ ಕ್ಷಾರ. ಅವಳ ನೋಟ್‌ಬುಕ್ಕಲ್ಲೇ ಇದೆ."
"ಸರ್, ಎಡ ಯಾವ್ದು ಅಂತ ತೋರಿಸೋ ಟ್ರೇ ಮೂಲೆಯ ಗುರುತು ನೋಡಿದ್ರಾ?" ಜೊತೆಗಿದ್ದ ನಮ್ಮ ಹುಡುಗಿ ಮೆಲ್ಲಗೆ ಕೇಳಿದಳು.
"ಅದನ್ನೇನಮ್ಮ ನೋಡೋದು? ಟ್ರೇನ ಯಾರು ತಿರುಗಿಸ್ತಾರೆ?"
ನೋಡಿಲ್ಲ! ನನ್ನ ತರಗತಿಯಲ್ಲಿ ಇದಕ್ಕೆ ಅರ್ಧ ಅಂಕವೂ ಸಿಗುತ್ತಿರಲಿಲ್ಲ. ಟ್ರೇ ಕಸಕ್ಕೆ ಹೋಗಿಯಾಗಿದೆ. ಪರೀಕ್ಷಿಸಲು ಏನೂ ಉಳಿದಿಲ್ಲ.

ಮಾರ್ಚ್ ೬
"ದೊಡ್ಡಮ್ಮ, ಮನೆಯವರನ್ನೆಲ್ಲ ಲ್ಯಾಬಿಗೆ ಕರೆದಿದ್ರಲ್ಲ, ಅವತ್ತೇ ಯಾರೋ ಟ್ರೇ ತಿರುಗಿಸಿದ್ದಾರೆ. ಅವತ್ತು ಮಧ್ಯಾಹ್ನಾನೇ ಸರ್ ಹರಳು ತೆಗೆದಿದ್ದು. ಎಡಗಡೆಯದು ಆಮ್ಲದ್ದು ಅಂದ್ಕೊಂಡು ಕ್ಷಾರದ್ದನ್ನ ತೆಗೆದಿದ್ದಾರೆ."
"ಕೈ ಸುಮ್ಮನಿರದ ಜನ!" ಎಂದೆ.
ಆಮೇಲೆ ದೂರಿನ ಹಾಳೆ ಮಡಚಿಟ್ಟೆ.

ಮಾರ್ಚ್ ೧೧
ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜವನ್ನೇ ಬರೆಯಬೇಕಿತ್ತು.

ತಿರುಗಿಸಿದವಳು ನಾನು. ಮನೆಯವರೆಲ್ಲ ಲ್ಯಾಬಿಗೆ ಹೋದ ದಿನ ಸೂಕ್ಷ್ಮದರ್ಶಕದ ಮುಂದೆ ಅವಳಿದ್ದಳು, ಎದುರಿಗೆ ನಾನು. ಅವಳನ್ನು ಯಾರೋ ಕರೆದರು. ಮೇಜಿನಾಚೆ ಕೂತ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ನನ್ನತ್ತ ತಿರುಗಿಸಿಕೊಳ್ಳುವ ಹಾಗೆ ಟ್ರೇಯನ್ನು ತಿರುಗಿಸಿ, ಹೆಸರು ಓದುವವಳಂತೆ ಬಗ್ಗಿ ನೋಡಿ, ಹಾಗೆಯೇ ಬಿಟ್ಟೆ. ಕೈಗಂಟಿದ ಅಭ್ಯಾಸ.

ಗುರುತು ನೋಡದೆ ತೀರ್ಪಿತ್ತವರ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯಲೂಬಾರದು. ಆದರೆ ಐದು ದಿನ ಬಾಯಿ ಹೊಲಿದುಕೊಂಡು ಕೂತವಳನ್ನು ಏನೆನ್ನಬೇಕು?

ಮಾರ್ಚ್ ೧೨, ಬೆಳಿಗ್ಗೆ
ಹೇಳಿದೆ. ಅವಳು ನೋಟ್‌ಬುಕ್ ಮುಚ್ಚಿಟ್ಟಳು.
"ಪರೀಕ್ಷೆ ಮೇಲ್ವಿಚಾರಕರೇ ಕಾಪಿ ಹೊಡೆದ ಹಾಗಾಯ್ತಲ್ಲ, ದೊಡ್ಡಮ್ಮ!" ನಕ್ಕಳು; ಕಣ್ಣು ನಗಲಿಲ್ಲ. "ಬರೀಬೇಡಿ. ಲ್ಯಾಬಲ್ಲೆಲ್ಲ ನಿಮ್ಮನ್ನ ಆಡ್ಕೋತಾರೆ."
"ಆಡ್ಕೊಳ್ಳಲಿ ಬಿಡು. ನಾಲ್ಕು ವರ್ಷ ದುಡಿದವಳು ನೀನು."

ಹಳೆಯ ದೂರು ಹರಿದೆ. ಹೊಸದು ಎರಡು ಪುಟ. ಮುಖ್ಯಸ್ಥರ ತಪ್ಪಿಗೆ ಒಂದು ಪುಟ, ನನ್ನ ತಪ್ಪಿಗೆ ಒಂದು ಪುಟ. ಲಗತ್ತುಗಳು:
೧. ಟ್ರೇ ಜೋಡಿಸಿದ ದಿನದ ಅವಳ ನೋಟ್‌ಬುಕ್ಕಿನ ಪುಟಗಳು.
೨. ಸಂದರ್ಶಕರ ಪುಸ್ತಕದಲ್ಲಿ ನನ್ನ ಸಹಿಯಿರುವ ಪುಟದ ಪ್ರತಿ.
೩. ಟ್ರೇಯನ್ನು ತಿರುಗಿಸಿದವಳು ನಾನೇ ಎಂಬ ಹೇಳಿಕೆ. ಸ್ವಹಸ್ತಾಕ್ಷರದಲ್ಲಿ, ಯಾರ ಒತ್ತಾಯವೂ ಇಲ್ಲದೆ…