ಜಯಕರನ ಶುದ್ಧ ರಕ್ತ

ಮೂಡುಬಿದಿರೆ,
18 ಸೆಪ್ಟೆಂಬರ್ 2004

ಪ್ರೀತಿಯ ತಮ್ಮ ರಮಾನಾಥನಿಗೆ ಅಕ್ಕ ಪ್ರೇಮಾವತಿಯ ಆಶೀರ್ವಾದಗಳು.

ನೀನು ಮಸ್ಕತ್ತಿನಿಂದ ಬರೆದ ಎರಡೂ ಕಾಗದ ತಲುಪಿವೆ. ಉತ್ತರಿಸಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪೆನ್ನು ಹಿಡಿದರೆ ಬಾಯಿಗೆ ಬಂದದ್ದನ್ನೆಲ್ಲ ಬರೆದುಬಿಟ್ಟೇನು ಎಂಬ ಹೆದರಿಕೆಯಿಂದ ಸುಮ್ಮನಿದ್ದೆ. ಈಗ ಆ ಹೆದರಿಕೆ ಹೋಗಿದೆ. ನಿನ್ನ ವ್ಯಾಪಾರ ಚೆನ್ನಾಗಿದೆ ಎಂದು ತಿಳಿದು ಸಂತೋಷವಾಯಿತು. ಬಿಪಿ ಮಾತ್ರೆ ತಪ್ಪಿಸಬೇಡ.

ಮಗಳು ಸುಜಯಾ ಮತ್ತು ಮೊಮ್ಮಗಳು ಪ್ರಾಪ್ತಿ ನನ್ನ ಹತ್ತಿರವೇ ಇದ್ದಾರೆ. ಪ್ರಾಪ್ತಿಗೆ ಐದು ತುಂಬಿತು. ತಿಂಗಳಿಗೊಮ್ಮೆ ಮಂಗಳೂರಿಗೆ ಕರೆದುಕೊಂಡು ಹೋಗಿ ರಕ್ತ ಏರಿಸಿಕೊಂಡು ಬರುತ್ತೇವೆ. ಥಲಸ್ಸೇಮಿಯಾ ಇರುವ ಮಗುವಿನ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳುವುದಿಲ್ಲವಲ್ಲ. ಏರಿಸಿದ ಮರುದಿನ ಮನೆಯೆಲ್ಲ ಓಡುತ್ತಾಳೆ. ತಿಂಗಳು ಮುಗಿಯುತ್ತಾ ಬಂದಾಗ ಮೆಟ್ಟಿಲು ಹತ್ತಲೂ ಎತ್ತಿಕೋ ಅನ್ನುತ್ತಾಳೆ.

ಇನ್ನು ಬಂಟ್ವಾಳದ ಬೀಗರ ವಿಷಯ. ಸುಜಯಾ ಎರಡನೆಯ ಸಲ ಬಸುರಿಯಾದಾಗ ಡಾಕ್ಟರಮ್ಮ ಎಷ್ಟು ಬಿಡಿಸಿ ಹೇಳಿದ್ದರು! ಜೀನುಗಳು ಜೋಡಿಯಾಗಿ ಬರುತ್ತವೆ, ತಂದೆಯದೊಂದು, ತಾಯಿಯದೊಂದು. ಎರಡೂ ಕೆಟ್ಟದ್ದೇ ಬಂದರೆ ಮಾತ್ರ ಮಗುವಿಗೆ ಈ ಕಾಯಿಲೆ. ಯಾರ ಜೀನು ಎಲ್ಲಿ ಕೆಟ್ಟಿದೆ ಎಂದು ತಿಳಿದರೆ ಹೊಟ್ಟೆಯಲ್ಲಿರುವ ಮಗುವನ್ನೂ ಈಗ ಪರೀಕ್ಷಿಸಬಹುದು. ಹಿಂದೆ ಹಣೆಬರಹ ಎಂದು ಕೈಚೆಲ್ಲುತ್ತಿದ್ದದ್ದನ್ನು ಈಗ ಮೊದಲೇ ತಿಳಿಯಲಿಕ್ಕಾಗುತ್ತದೆ. ಲ್ಯಾಬಿಗೆ ಗಂಡ ಹೆಂಡತಿ ಇಬ್ಬರ ರಕ್ತವೂ ಬೇಕು, ಬೇಗ ಬೇಕು ಎಂದಿದ್ದರು. ಸುಜಯಾ ಕೊಟ್ಟಳು. ಅವಳ ಗಂಡ ಜಯಕರ ಕೊಡಲಿಲ್ಲ.

"ನಮ್ಮ ಜಯಕರನಿಗೆ ಎಂತದ್ದಕ್ಕೆ ಟೆಸ್ಟು?" ಎಂದರು ಅವನ ತಾಯಿ ಗುಲಾಬಕ್ಕ. "ಕುಲದ ಬರಿ ಬರುವುದು ತಾಯಿಯಿಂದ. ರಕ್ತವೂ ಅಲ್ಲಿಂದಲೇ. ಮಗುವಿಗೆ ದೋಷ ಉಂಟು ಅಂತಾದರೆ ಅದು ನಿಮ್ಮ ಬರಿಯದ್ದು."

ಕುಲ ತಾಯಿಯ ಕಡೆಯಿಂದ ನಡೆಯುವುದು ನಮ್ಮವರ ಕಟ್ಟುಕಟ್ಟಳೆ, ಸರಿ. ಆದರೆ ಆ ಕಟ್ಟಿನಿಂದಾಗಿ ಮಗುವಿನ ಮೈಯಲ್ಲಿ ತಂದೆಗೆ ಪಾಲೇ ಇಲ್ಲ ಎಂದು ಕಂಡುಹಿಡಿದ ವಿಜ್ಞಾನಿ ಗುಲಾಬಕ್ಕ ಒಬ್ಬರೇ. ಪ್ರಾಪ್ತಿಯ ಮೂಗು ಜಯಕರನ ಮೂಗಿನ ಪಡಿಯಚ್ಚು, ಅದು ಅವರ ಕಣ್ಣಿಗೆ ಬೀಳುವುದಿಲ್ಲ. ಮನುಷ್ಯನ ಜೀನುಗಳನ್ನೆಲ್ಲ ಓದಿ ಮುಗಿಸಿದ್ದಾರೆಂದು ಹೋದ ವರ್ಷ ಪೇಪರಿನಲ್ಲಿ ಬಂದಿತ್ತು. ಆ ಪೇಪರನ್ನು ಬೀಗರು ತಮ್ಮ ಹೋಟೆಲಿನಲ್ಲಿ ಬನ್ಸು ಕಟ್ಟಿಕೊಡಲು ಉಪಯೋಗಿಸಿರಬೇಕು. ಜಯಕರನಾದರೋ ಬಿ.ಎಸ್ಸಿ. ಓದಿದವನು, ಇದೇ ಪಾಠವನ್ನು ಉರುಹೊಡೆದು ಫಸ್ಟ್ ಕ್ಲಾಸು ತಂದವನು. "ಅಮ್ಮ ಹೇಳಿದ ಮೇಲೆ ನಾನು ಎಂತ ಹೇಳುವುದು ಅತ್ತೆ?" ಎಂದು ಕಾಲುಗುರು ನೋಡುತ್ತ ನಿಂತ. ಸೂಜಿಗೆ ಹೆದರಿದನೋ ಅಮ್ಮನಿಗೆ ಹೆದರಿದನೋ ದೇವರೇ ಬಲ್ಲ.

ದಿನ ಮೀರುತ್ತಾ ಬಂತು. ಕೊನೆಗೆ ಜುಲೈಯಲ್ಲಿ, ಏನೂ ತಿಳಿಯದೆಯೇ, ಸುಜಯಾ ಆ ಗರ್ಭ ತೆಗೆಸಿಕೊಂಡಳು. ಆಸ್ಪತ್ರೆಯಿಂದ ಸೀದಾ ನನ್ನ ಮನೆಗೆ ಬಂದಳು.

ಈಗ ಹೊಸ ಸುದ್ದಿ ಕೇಳು. ಗುಲಾಬಕ್ಕ ಸೋಡಚೀಟಿಯ ಮಾತೆತ್ತಿ, ಮಗನಿಗೆ ಬೆಳ್ತಂಗಡಿಯ ಕಡೆ ಇನ್ನೊಂದು ಹೆಣ್ಣು ನೋಡಿದರು. ಆ ಕಡೆಯವರು ಬುದ್ಧಿ ಇದ್ದವರು. ಪ್ರಾಪ್ತಿಯ ಕಾಯಿಲೆಯ ವಿಷಯ ತಿಳಿದು, ಹುಡುಗನ ರಕ್ತದ ರಿಪೋರ್ಟು ತೋರಿಸಿ ಎಂದರಂತೆ. ಸ್ವಂತ ಮಗುವಿಗಾಗಿ ಕೊಡದ ರಕ್ತವನ್ನು ಈ ಗಂಡಸು ಮತ್ತೆ ಮದುಮಗನಾಗಲು ಕೊಟ್ಟ! "ಹಾಲಿನಂಥ ರಕ್ತ, ಬೇಕಾದರೆ ನೋಡಿಕೊಳ್ಳಲಿ" ಎಂದು ಗುಲಾಬಕ್ಕ ಊರಿಡೀ ಹೇಳಿಕೊಂಡು ಬಂದರು. ರಿಪೋರ್ಟು ಬಂತು. ಸುಜಯಾಳ ಜೀನು ಕೆಟ್ಟ ಜಾಗದಲ್ಲೇ ಅವನದ್ದೂ ಕೆಟ್ಟಿದೆ.

ಗುಲಾಬಕ್ಕ ನಾಚಿಕೊಂಡರು ಎಂದುಕೊಂಡೆಯಾ? "ಮದುವೆಯಾದ ಮೇಲೆ ಅವಳಿಂದ ಹತ್ತಿದ್ದು ಮಾರಾಯ್ರೆ" ಎಂದರಂತೆ. ಹೆಣ್ಣಿನ ತಾಯಿಯೇ ನನಗೆ ಫೋನು ಮಾಡಿ ಹೇಳಿದ್ದು ಇದು. ಗುಲಾಬಕ್ಕ ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದರಂತೆ. ಮೊನ್ನೆ ಜಯಕರ ನಮ್ಮ ಗೇಟಿನ ಹೊರಗೆ ಬೈಕು ನಿಲ್ಲಿಸಿ ಹಾರ್ನು ಹೊಡೆದ. ಸುಜಯಾ ಬಾಗಿಲು ತೆರೆಯಲಿಲ್ಲ. ನಾನೇ ಕಿಟಕಿಯಿಂದ, "ಕರೆದಾಗ ಓಡಿ ಬರಲಿಕ್ಕೆ ಇದು ನಿಮ್ಮ ಹೋಟೆಲಲ್ಲ" ಎಂದೆ. ತಲೆ ತಗ್ಗಿಸಿಕೊಂಡು ಹೋದ.

ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸು. ಪರದೇಶದಲ್ಲಿ ನಿಮ್ಮೆಲ್ಲರನ್ನೂ ದೇವರು ತಂಪಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಪ್ರೇಮಾವತಿ

ತಾ.ಕ.: ಬೀಗರನ್ನು ಬೈದೇ ಪುಟ ತುಂಬಿಸಿದೆ. ಅವರನ್ನು ಬೈಯುವುದು ಸುಲಭ, ಅವರು ನನ್ನವರಲ್ಲ. ನೀನು ನನ್ನವನು. ಜುಲೈಯಲ್ಲಿ ಬಂಟ್ವಾಳಕ್ಕೆ ಫೋನು ಮಾಡಿ, ಸೋದರಮಾವನ ಅಧಿಕಾರದಿಂದ, "ದೋಷ ನಮ್ಮ ಬರಿಯದ್ದೇ, ಕ್ಷಮಿಸಿ. ಗರ್ಭ ತೆಗೆಸಿಬಿಡುವ" ಎಂದವನು ನೀನು. ಗುಲಾಬಕ್ಕನ ಮಾತಿಗೆ ಸುಜಯಾ ಅಷ್ಟು ದಿನ ಜಗ್ಗಿರಲಿಲ್ಲ. ನಿನ್ನ ಮಾತು ಕಿವಿಗೆ ಬಿದ್ದ ಮರುದಿನ ಆಸ್ಪತ್ರೆಗೆ ಹೋದಳು. ನಾಲ್ಕರಲ್ಲಿ ಮೂರು ಪಾಲು ಆ ಮಗು ಚೆನ್ನಾಗಿಯೇ ಇರುತ್ತಿತ್ತು ಎಂದು ಡಾಕ್ಟರಮ್ಮ ಈಗ ಹೇಳುತ್ತಾರೆ. ಹೊಂದಿಕೆಯಾಗಿದ್ದರೆ ಅದರ ಅಸ್ಥಿಮಜ್ಜೆಯಿಂದ ಪ್ರಾಪ್ತಿಗೂ ಗುಣವಾಗಬಹುದಿತ್ತಂತೆ. ಬಸ್ಸಿನಲ್ಲಿ ಬರುವಾಗ ಸುಜಯಾ ಒಂದೇ ಒಂದು ಪ್ರಶ್ನೆ ಕೇಳಿದಳು: "ಮಾವ ನನ್ನ ಹತ್ತಿರ ಯಾಕೆ ಒಂದು ಮಾತು ಕೇಳಲಿಲ್ಲ ಅಮ್ಮ?" ಈ ಕಾಗದಕ್ಕೆ ಉತ್ತರ ನನಗೆ ಬರೆಯಬೇಡ. ಅವಳಿಗೆ ಬರೆ.