ಆಸ್ಪತ್ರೆಯದಲ್ಲದ ಕಾಗದ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅತ್ತೆ,

ಒಂದು ಮಾತನ್ನು ಬರೆಯದೇ ಬಿಟ್ಟುಬಿಡುವವಳಿದ್ದೆ. ಈ ಪತ್ರವನ್ನು ಶುರು ಮಾಡುತ್ತಿರುವುದು ಇದು ಮೂರನೇ ಸಲ. ಮೊದಲ ಎರಡರಲ್ಲಿ ನಿಮ್ಮ ಆರೋಗ್ಯದ ವಿಚಾರವಿತ್ತು, ಮನೆಯ ಸುದ್ದಿಯಿತ್ತು, ಆ ಕಾಗದದ ಮಾತು ಮಾತ್ರ ಇರಲಿಲ್ಲ. ಎರಡನ್ನೂ ಹರಿದು ಹಾಕಿದೆ. ನವೆಂಬರಿನಲ್ಲಿ ಊಟದ ಮೇಜಿನ ಮೇಲೆ, ‘ಆಸ್ಪತ್ರೆ ಕಾಗದ ಅತ್ತೆ, ಏನಿಲ್ಲ’ ಎಂದು ನಿಮ್ಮ ಎಡಗೈಯಲ್ಲಿ ಸಹಿ ಮಾಡಿಸಿಕೊಂಡೆನಲ್ಲ, ಅದು ಆಸ್ಪತ್ರೆಯದಲ್ಲ. ನನ್ನ ಕೋರ್ಸಿನದು. ಅದೇನೆಂದು ಮುಂದೆ ಹೇಳುತ್ತೇನೆ. ಇಷ್ಟನ್ನು ಮೊದಲೇ ಬರೆದುಬಿಟ್ಟರೆ ಆಮೇಲೆ ನುಣುಚಿಕೊಳ್ಳಲು ದಾರಿ ಇರುವುದಿಲ್ಲವೆಂದು ಇಲ್ಲೇ ಬರೆದೆ.

ಹೇಗಿದ್ದೀರಿ? ಬಲಭುಜದ ನೋವು ಕಡಿಮೆಯಾಯಿತೇ? ಮಲಗುವಾಗ ಆ ತೋಳಿನ ಕೆಳಗೆ ದಿಂಬು ಇಡುತ್ತಿದ್ದಾರೆಯೇ? ಬೆಳಿಗ್ಗೆ ಎದ್ದಾಗ ಬೆರಳುಗಳು ಮುಷ್ಟಿ ಕಟ್ಟಿಕೊಂಡಿದ್ದರೆ ತುದಿ ಹಿಡಿದು ಎಳೆಯಬೇಡಿ, ಹೆಬ್ಬೆರಳಿನ ಬುಡದಿಂದ ನಿಧಾನವಾಗಿ ಬಿಡಿಸಿ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾದಿನಿ ಫೋನನ್ನು ಸ್ಪೀಕರಿಗೆ ಹಾಕುತ್ತಾರೆ, ನೀವು ‘ಹೂಂ, ಚೆನ್ನಾಗಿದೀನಿ’ ಎಂದು ಸುಮ್ಮನಾಗುತ್ತೀರಿ, ಉಳಿದದ್ದನ್ನೆಲ್ಲ ಅವರೇ ಹೇಳುತ್ತಾರೆ. ‘ಅಮ್ಮ ಇಲ್ಲಿ ಒಂದು ಚಮಚ ಎತ್ತೋ ಹಾಗಿಲ್ಲ ಅತ್ತಿಗೆ, ರಾಣಿ ಥರ ಇಟ್ಕೊಂಡಿದೀನಿ.’ ಅವರ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೂ ಆ ಮಾತು ಕೇಳಿದ ದಿನವೆಲ್ಲ ನನ್ನ ತಲೆಯಲ್ಲಿ ಓಡುವುದು ನಿಮ್ಮ ಬಲಗೈ ಮಾತ್ರ. ಅದಕ್ಕೇ ಪತ್ರ. ಅಕ್ಷರವಾದರೆ ನೀವೊಬ್ಬರೇ ಓದುತ್ತೀರಿ, ಎರಡು ಸಲ ಓದುತ್ತೀರಿ. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರಿಗೆ ಈ ಕಾನ್ವೆಂಟಿನ ಕನ್ನಡ ಬರೆದು ಕಳಿಸಲು ಸಂಕೋಚ. ಕೆಂಪು ಪೆನ್ನು ಹತ್ತಿರವಿದ್ದರೆ ತಿದ್ದಿಕೊಂಡೇ ಓದಿ.

ಇಲ್ಲಿ ಎಲ್ಲರೂ ಇದ್ದಂತೆ ಇದ್ದೇವೆ. ನಿಮ್ಮ ಮಗ ಡಿಪೋದಿಂದ ಬಂದು ಗ್ರೀಸು ಮೆತ್ತಿದ ಕೈಯನ್ನು ಅಡುಗೆಮನೆಯ ಸಿಂಕಿನಲ್ಲೇ ತೊಳೆಯುತ್ತಾರೆ. ನೀವಿಲ್ಲದ ಮೇಲೆ ಕೇಳುವವರಿಲ್ಲ. ಅಡುಗೆ ಅವರದು. ಮೂರು ತಿಂಗಳಿಂದ ಮೊಟ್ಟೆಯ ಸುತ್ತಲೇ ತಿರುಗುತ್ತಿದ್ದಾರೆ, ಬೇಯಿಸಿದ ದಿನ ಬೇಯಿಸಿದ್ದು, ಒಡೆದುಹೋದ ದಿನ ಹುರಿದದ್ದು. ನಾನು ಬೆಳಿಗ್ಗೆ ಐದೂವರೆಗೆ ಎದ್ದು ಮುಖಕ್ಕೆ ನೀರು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತೇನೆ. ಏಳೂವರೆಯವರೆಗೆ ಪಾಠ. ಒಂಬತ್ತಕ್ಕೆ ದಂತವೈದ್ಯರ ಕ್ಲಿನಿಕ್ಕಿನ ಕೌಂಟರು, ಸಂಜೆ ಆರರವರೆಗೆ ದವಡೆ ಹಿಡಿದುಕೊಂಡು ಬಂದವರಿಗೆ ‘ಕೂತ್ಕೊಳ್ಳಿ, ಕರೀತಾರೆ’ ಎನ್ನುವುದು. ತಿಂಗಳಿಗೊಮ್ಮೆ ಮೂರು ದಿನ ಕಾಲೇಜು, ಹೋಗಲು ಬಸ್ಸಿನಲ್ಲಿ ಆರು ಗಂಟೆ, ಬರಲು ಆರು ಗಂಟೆ. ಅರ್ಧ ಮನೆ, ಅರ್ಧ ಕಾಲೇಜು, ನಿಮ್ಮ ಅನುಕೂಲಕ್ಕೆ ತಕ್ಕಂತೆ ಓದಿ ಎಂದು ಜಾಹೀರಾತಿನಲ್ಲಿತ್ತು. ಯಾರ ಅನುಕೂಲವೋ ನನಗಿನ್ನೂ ತಿಳಿದಿಲ್ಲ. ಮನೆಯಲ್ಲಿದ್ದಾಗ ಕಾಲೇಜಿನವಳು, ಕಾಲೇಜಿನಲ್ಲಿದ್ದಾಗ ಮನೆಯವಳು. ರೆಕಾರ್ಡ್ ಮಾಡಿದ ಪಾಠಗಳನ್ನು ಬಸ್ಸಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಕೇಳಿ ಕೇಳಿ, ಮೇಡಂ ಎದುರಿಗೆ ನಿಂತು ಮಾತಾಡಿದಾಗ ಪಾಪ ಇವರಿಗೆ ಹುಷಾರಿಲ್ಲವೇನೋ ಅನ್ನಿಸಿತು. ಜೊತೆಯ ಹುಡುಗಿಯರಿಗೆ ನನ್ನ ಅರ್ಧ ವಯಸ್ಸು. ‘ಆಂಟಿ, ನಿಮ್ಮ ನೋಟ್ಸ್ ಕೊಡ್ತೀರಾ’ ಎನ್ನುತ್ತಾರೆ. ಒಂದು ದಿನ ಎಲ್ಲರೂ ಸರದಿಯ ಮೇಲೆ ಗಾಲಿಕುರ್ಚಿಯಲ್ಲಿ ಕೂತು ಕಾಲೇಜಿನ ಕ್ಯಾಂಟೀನಿಗೆ ಹೋಗಿಬರಬೇಕಿತ್ತು. ಹೊಸ್ತಿಲಿನ ಒಂದು ಅಂಗುಲ ಎತ್ತರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ಹೊಸ್ತಿಲಿಗಲ್ಲ, ನಿಮಗೆ ಸ್ಟ್ರೋಕ್ ಆದ ಈ ಎರಡು ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು ತಳ್ಳಿಕೊಂಡು ಹೋದರಲ್ಲ, ಅದಕ್ಕೆ.

ಈ ಆಕ್ಯುಪೇಷನಲ್ ಥೆರಪಿ ಎಂದರೇನೆಂದು ಮೇಲಿನ ಮನೆಯವರು ಈಗಲೂ ಕೇಳುತ್ತಾರೆ. ‘ಕೆಲಸ ಕೊಡಿಸೋ ಓದಾ? ನಮ್ಮ ಮಗನಿಗೂ ಒಂದು ನೋಡು’ ಎಂದರು ಹೋದ ವಾರ. ಕೈಕಾಲು ಸೋತವರು ದಿನದ ಕೆಲಸವನ್ನು ತಾವೇ ಮಾಡಿಕೊಳ್ಳುವಂತೆ ಮಾಡುವ ಓದು ಎಂದು ಅವರಿಗೆ ವಿವರಿಸುವ ಶಕ್ತಿ ನನಗಿರಲಿಲ್ಲ. ನಿಮಗೆ ವಿವರಿಸಬೇಕಾಗಿಲ್ಲ, ಇದು ಶುರುವಾದದ್ದೇ ನಿಮ್ಮಿಂದ. ಸ್ಟ್ರೋಕ್ ಆದ ಎಂಟನೇ ದಿನ ವಾರ್ಡಿಗೆ ಆ ದಪ್ಪ ಕನ್ನಡಕದ ಹುಡುಗಿ ಬಂದು, ವ್ಯಾಯಾಮ ಗೀಯಾಮ ಏನೂ ಹೇಳದೆ, ನಿಮ್ಮ ಕೈಗೆ ಒಂದು ಬಾಚಣಿಗೆ ಕೊಟ್ಟು ನಿಂತಳು. ನೀವು ಎಡಗೈಯಲ್ಲಿ ಮುಂದಲೆ ಬಾಚಿಕೊಂಡಿರಿ. ಅಲ್ಲಿಯವರೆಗೆ ನಾವೆಲ್ಲ ನಿಮ್ಮನ್ನು ಒರೆಸಿ, ತಿನ್ನಿಸಿ, ಹೊರಳಿಸುತ್ತಿದ್ದೆವು. ನೀವು ಮತ್ತೆ ಮನುಷ್ಯರಂತೆ ಕಂಡದ್ದು ಅವತ್ತು. ನನಗೆ ನಲವತ್ತೆರಡು ವರ್ಷ, ಇನ್ನೇನು ಓದುವುದು ಎಂದು ನಾನು ಅನುಮಾನಿಸುತ್ತಿದ್ದಾಗ ‘ಕಲಿ ಕಲಿ, ಪ್ರಯೋಗಕ್ಕೆ ನಾನಿದೀನಲ್ಲ’ ಎಂದವರೂ ನೀವೇ. ನವೆಂಬರಿನಲ್ಲಿ ನಾನು ಆ ಮಾತನ್ನೇ ನನಗೆ ನೆಪ ಮಾಡಿಕೊಂಡೆ. ನಗುತ್ತಾ ಆಡಿದ ಮಾತು ಒಪ್ಪಿಗೆಯಾಗುತ್ತದೆಯೇ ಎಂದು ಅವತ್ತು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ವಿಷಯ ಇದು. ಒಬ್ಬ ರೋಗಿ ತನ್ನ ಮನೆಯ ಅಡುಗೆಮನೆಯಲ್ಲಿ ತನಗೊಂದು ಲೋಟ ಚಹಾ ಮಾಡಿಕೊಳ್ಳುವುದನ್ನು ವಿಡಿಯೋ ಮಾಡಿ, ಯಾವ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಡೆಯಿತು ಎಂದು ಬರೆದು ಒಪ್ಪಿಸಬೇಕಿತ್ತು. ಅಪಾಯವಿದ್ದರೆ ಮಾತ್ರ ನಾವು ಕೈ ಹಾಕಬೇಕು, ಇಲ್ಲದಿದ್ದರೆ ಸುಮ್ಮನೆ ಕೂತು ನೋಡಬೇಕು. ಅದಕ್ಕೂ ಮೊದಲು ಎಲ್ಲವನ್ನೂ ತಿಳಿಸಿ ಹೇಳಿ ರೋಗಿಯ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ಪತ್ರವೇ ನೀವು ಸಹಿ ಮಾಡಿದ್ದು. ಅವತ್ತು ಸಂಜೆ ಆರಕ್ಕೆ ಗಡುವು. ಎರಡು ವಾರದಿಂದ ನಿಮ್ಮನ್ನು ಕೇಳಬೇಕೆಂದುಕೊಂಡು ಕೇಳಿರಲಿಲ್ಲ. ಏಕೆಂದರೆ ಯಾರಾದರೂ ಬಾಗಿಲು ತಟ್ಟಿದರೆ ನೀವು ಮೊದಲು ಮಾಡುತ್ತಿದ್ದ ಕೆಲಸ ಬಲಗೈ ಮೇಲೆ ಶಾಲು ಎಳೆದುಕೊಳ್ಳುವುದು. ನೀವು ಬೇಡ ಎನ್ನುತ್ತೀರೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೇಳಲಿಲ್ಲ. ಹಾಲಿನವನ ಚೀಟಿಯನ್ನೂ ಓದದೆ ಕೈಗೆ ತೆಗೆದುಕೊಳ್ಳದ ನೀವು ಅವತ್ತು ಕನ್ನಡಕ ಕೂಡ ಹುಡುಕಲಿಲ್ಲ. ‘ನೀನು ನೋಡಿದೀಯಲ್ಲ, ಸಾಕು ಬಿಡು’ ಎಂದು ಪೆನ್ನು ಕೇಳಿದಿರಿ.

ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಟಿದ್ದೆ, ಸುಮ್ಮನೆ ಇಟ್ಟದ್ದಲ್ಲ. ಇನ್ನು ಆ ವಿಡಿಯೋದಲ್ಲಿ ಏನಿದೆ ಎಂದು ನೀವು ತಿಳಿದುಕೊಳ್ಳಬೇಕು. ನಲವತ್ತೊಂದು ನಿಮಿಷ ಇದೆ. ನೀವು ಬೂದು ಸ್ವೆಟರಿನಲ್ಲಿದ್ದೀರಿ, ಒಂದು ಗುಂಡಿ ತಪ್ಪು ಕಾಜಿನಲ್ಲಿದೆ. ಚಹಾಪುಡಿಯ ಡಬ್ಬವನ್ನು ಹೊಟ್ಟೆಗೂ ಕಟ್ಟೆಗೂ ನಡುವೆ ಒತ್ತಿ ಹಿಡಿದು ಮುಚ್ಚಳ ತಿರುಗಿಸುತ್ತೀರಿ, ನಾಲ್ಕನೇ ಸಲಕ್ಕೆ ಬರುತ್ತದೆ. ಹಾಲು ಚೆಲ್ಲುತ್ತದೆ. ಬಟ್ಟೆ ತೆಗೆದುಕೊಂಡು ಒರೆಸಿ, ಬಟ್ಟೆಯನ್ನು ಎಡಗೈಯಿಂದ ನಲ್ಲಿಗೆ ಸುತ್ತಿ ಹಿಂಡುತ್ತೀರಿ. ಅದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಕಡೆ ಎರಡು ಸಲ ತಿರುಗಿ ನೋಡುತ್ತೀರಿ. ಆಮೇಲೆ ಹೇಳುತ್ತೀರಿ, ‘ಏನೇ ಕಾನ್ವೆಂಟು, ಕೈ ಇರೋಳು ಕೈ ಕಟ್ಕೊಂಡು ಕೂತಿದಾಳೆ, ಕೈ ಇಲ್ದೋಳು ಚಹಾ ಮಾಡ್ತಿದಾಳೆ. ಚೆನ್ನಾಗಿದೆ ಕಾಲ.’ ನಾನು ಗಡಿಯಾರ ನೋಡಿ ಬರೆದುಕೊಳ್ಳುತ್ತೇನೆ. ನಡುವೆ ಮಾತಾಡಿದರೆ ಅಂಕ ಹೋಗುತ್ತಿತ್ತು.

ಅದಾಗಿ ಒಂಬತ್ತನೇ ದಿನ ನಾದಿನಿ ಬಂದಾಗ ನೀವು ಪೆಟ್ಟಿಗೆ ಕಟ್ಟಿಸಿಕೊಂಡಿರಿ. ‘ಸ್ವಲ್ಪ ದಿನ ಮಗಳ ಮನೇಲಿರ್ತೀನಿ’ ಎಂದಿರಿ, ಅಷ್ಟೇ. ನಾನು ಕಾರಣ ಕೇಳಲಿಲ್ಲ. ನಿಮ್ಮ ಒಳ್ಳೆಯದಕ್ಕೇ ಅಲ್ಲವೇ ಕೂತು ನೋಡಿದ್ದು, ಅರ್ಥ ಮಾಡಿಕೊಳ್ಳದಿದ್ದರೆ ನಾನೇನು ಮಾಡಲಿ ಎಂದು ನನಗೂ ಬಿಗುಮಾನ. ಜನವರಿಯಲ್ಲಿ ಅಂಕ ಬಂತು. ಇಡೀ ತರಗತಿಯಲ್ಲಿ ನನ್ನದೇ ಹೆಚ್ಚು. ಅವತ್ತು ನನಗೆ ಖುಷಿಯಾಯಿತು ಅತ್ತೆ, ಆಗಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ.

ಫೆಬ್ರವರಿಯಲ್ಲಿ ಕಾಲೇಜಿಗೆ ಹೋದಾಗ ಮೇಡಂ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ನನಗೆ ಮುಂಚೆ ಹೇಳಿರಲಿಲ್ಲ, ಆ ಒಪ್ಪಿಗೆ ಪತ್ರದಲ್ಲಿ ಅದಕ್ಕೂ ಅನುಮತಿ ಇತ್ತಂತೆ. ಇಪ್ಪತ್ತೆರಡು ಜನ. ನಿಮ್ಮ ಬಲಗೈ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ಶಾಲು ಇರಲಿಲ್ಲ. ನಿಮ್ಮ ಮಾತಿಗೆ ಎಲ್ಲರೂ ನಕ್ಕರು, ‘ಆಂಟಿ, ನಿಮ್ಮ ಪೇಷಂಟ್ ಸೂಪರ್’ ಎಂದಳು ಒಬ್ಬಳು. ಪೇಷಂಟ್ ಅಲ್ಲ, ನಮ್ಮತ್ತೆ ಎನ್ನಲು ನನಗೆ ಬಾಯಿ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಪರದೆಯ ಮೇಲೆ ನಿಮ್ಮನ್ನು ನೋಡಿದೆ. ಮನೆಯಲ್ಲಿ ಕೂತು ನೋಡಿದಾಗ ಗಡಿಯಾರ ನೋಡುತ್ತಿದ್ದೆನಲ್ಲ, ನಿಮ್ಮನ್ನು ನೋಡಿರಲಿಲ್ಲ. ಮೂವತ್ತಮೂರನೇ ನಿಮಿಷದಲ್ಲಿ ನೀವು ಶೆಲ್ಫಿನಿಂದ ಒಂದು ಲೋಟ ತೆಗೆದು ಕಟ್ಟೆಯ ಮೇಲೆ ಇಡುತ್ತೀರಿ. ಕಟ್ಟೆ ಹಿಡಿದುಕೊಂಡು ಸುಧಾರಿಸಿಕೊಳ್ಳುತ್ತೀರಿ. ಮತ್ತೆ ಶೆಲ್ಫಿಗೆ ಕೈ ಚಾಚುತ್ತೀರಿ, ಇನ್ನೊಂದು ಲೋಟ. ಅದನ್ನು ತುಂಬಿಸಿ, ಕಟ್ಟೆಯ ಮೇಲೇ ಸ್ವಲ್ಪ ಸ್ವಲ್ಪವಾಗಿ ತಳ್ಳುತ್ತಾ, ನಾನು ಕೂತ ಕಡೆಯ ಅಂಚಿಗೆ ತರುತ್ತೀರಿ. ಅದು ಅಲ್ಲೇ ಆರಿ ಕೆನೆ ಕಟ್ಟಿತು. ನಾನು ಬರೆಯುತ್ತಿದ್ದೆ. ಆಮೇಲೆ ನನ್ನ ವರದಿ ತೆಗೆದು ನೋಡಿದೆ, ಆ ಹಂತದ ಮುಂದೆ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಎರಡನೇ ಲೋಟ. ಅನವಶ್ಯಕ ಹಂತ. ಆಯಾಸ ಹೆಚ್ಚಿಸುತ್ತದೆ.’ ಅದಕ್ಕೂ ಅಂಕ ಕೊಟ್ಟಿದ್ದಾರೆ.

ಕೈ ಹಾಕದೆ ಕೂತದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ನೀವು ಮುಚ್ಚಳ ತೆಗೆದಿರಿ, ಬಟ್ಟೆ ಹಿಂಡಿದಿರಿ, ನಾನು ಅಡ್ಡ ಬಂದಿದ್ದರೆ ಅದು ಆಗುತ್ತಿರಲಿಲ್ಲ. ಆದರೆ ಹೇಳದೆ ಕೂತೆ. ಹೇಳಿ ಕೂತಿದ್ದರೆ ಅದು ಕಲಿಯುವುದು, ಹೇಳದೆ ಕೂತರೆ ಕದಿಯುವುದು. ಇಷ್ಟು ಸಣ್ಣ ವ್ಯತ್ಯಾಸ ತಿಳಿಯಲು ನನಗೆ ಸ್ನಾತಕೋತ್ತರ ಪದವಿಯ ಅರ್ಧ ದಾರಿ ಬೇಕಾಯಿತು. ಈಗ ಕಾಲೇಜಿನವರು ಆ ವಿಡಿಯೋವನ್ನು ಪ್ರತಿ ವರ್ಷದ ಹೊಸ ಮಕ್ಕಳಿಗೂ ತೋರಿಸಲು ಇಟ್ಟುಕೊಳ್ಳುತ್ತೇವೆ ಎಂದು ಬರೆದಿದ್ದಾರೆ. ನಿಮ್ಮ ಮಗನಿಗೆ ಇವತ್ತು ಬೆಳಿಗ್ಗೆ ಎಲ್ಲವನ್ನೂ ಹೇಳಿದೆ. ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ, ‘ಅಮ್ಮನಿಗೆ ಹೇಳ್ಬೇಡ. ಗೊತ್ತಾದ್ರೆ ತಾನೇ ನೋವು? ಇಷ್ಟು ಕಷ್ಟಪಟ್ಟು ಓದಿದೀಯ, ನೀರಲ್ಲಿ ಹೋಮ ಮಾಡ್ಬೇಡ’ ಎಂದರು. ಅವರು ಹೇಳಿದ್ದರಲ್ಲಿ ಕೆಟ್ಟತನವಿಲ್ಲ, ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ದಿನಾ ನೋಡುವವರು ಅವರೇ. ನನಗೂ ಒಂದು ಕ್ಷಣ ಸರಿ ಅನ್ನಿಸಿತು. ಎಷ್ಟು ಸುಸ್ತಾಗಿದ್ದೇನೆಂದರೆ, ಸುಳ್ಳನ್ನು ಹಾಗೇ ಮುಂದುವರಿಸುವುದು ವಿಶ್ರಾಂತಿಯಂತೆ ಕಂಡಿತು.

ಇಂಗ್ಲಿಷಿನಲ್ಲಿದ್ದ ಆ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಿರುಗಿಸಿ ಇದರೊಳಗೆ ಇಟ್ಟಿದ್ದೇನೆ. ಕೆಳಗೆ ಸಹಿಗೆ ಜಾಗ ಬಿಟ್ಟಿಲ್ಲ, ಓದಲಿಕ್ಕೆ ಮಾತ್ರ. ಕನ್ನಡಕ ಹಾಕಿಕೊಂಡು, ಹೊತ್ತು ತೆಗೆದುಕೊಂಡು ಓದಿ. ವಾಪಸ್ ಬನ್ನಿ ಎಂದು ಕರೆಯಲು ಈ ಪತ್ರ ಬರೆಯುತ್ತಿಲ್ಲ. ಬನ್ನಿ ಎನ್ನುವ ಹಕ್ಕನ್ನು ಸದ್ಯಕ್ಕೆ ನಾನು ಕಳೆದುಕೊಂಡಿದ್ದೇನೆ. ಬೈಯಬೇಕೆನಿಸಿದರೆ ಪತ್ರದಲ್ಲೇ ಬೈಯಿರಿ, ಎಡಗೈ ಅಕ್ಷರವಾದರೂ ಓದಿಕೊಳ್ಳುತ್ತೇನೆ. ನಾದಿನಿಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ನಿಮ್ಮ ಕೈಗೆ ಬಿಸಿಲು ಬೀಳುವ ಕಡೆ ಕುರ್ಚಿ ಹಾಕಿಸಿಕೊಂಡು ಕೂರಿ. ನಮಸ್ಕಾರ.

ನಿಮ್ಮ ಸೊಸೆ,
ಕಾನ್ವೆಂಟು

ತಾ. ಕ.: ಮುಖ್ಯವಾದದ್ದನ್ನು ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಸಿನ ಮುಖ್ಯಸ್ಥರ ಜೊತೆ ಮಾತಾಡಲು ಸಮಯ ಕೇಳಿ ತೆಗೆದುಕೊಂಡಿದ್ದೇನೆ. ಆ ಸಹಿಯನ್ನು ಸುಳ್ಳು ಹೇಳಿ ಪಡೆದೆ ಎಂದು ಹೇಳುತ್ತೇನೆ. ವಿಡಿಯೋವನ್ನು ಯಾರಿಗೂ ತೋರಿಸದಂತೆ ತೆಗೆದಿಡಿ, ಅಳಿಸುವುದೋ ಬಿಡುವುದೋ ನಮ್ಮತ್ತೆಯವರು ಹೇಳುವ ಮಾತು ಎನ್ನುತ್ತೇನೆ. ಈ ವರ್ಷವನ್ನು ಮತ್ತೆ ಮಾಡು ಎನ್ನಬಹುದು, ಕೋರ್ಸೇ ಬಿಟ್ಟುಹೋಗು ಎನ್ನಬಹುದು, ಗೊತ್ತಿಲ್ಲ. ನಿಮ್ಮ ಉತ್ತರ ಬಂದ ಮೇಲೆ ಹೇಳಬಹುದಲ್ಲ ಎಂದೂ ಯೋಚಿಸಿದೆ. ಆದರೆ ನೀವು ‘ಹೋಗ್ಲಿ ಬಿಡು, ನಾನು ಒಪ್ಪಿದೀನಿ ಅಂತಲೇ ಇರಲಿ’ ಎಂದು ಬರೆದುಬಿಡುತ್ತೀರೆಂಬ ಆಸೆ ನನಗಿದೆ, ಆ ಆಸೆಯನ್ನು ಜೊತೆಯಲ್ಲಿಟ್ಟುಕೊಂಡು ನಾನು ಬಾಯಿ ಬಿಡುವವಳಲ್ಲ. ಅದಕ್ಕೇ ಈ ಪತ್ರ ಇವತ್ತು ಅಂಚೆಪೆಟ್ಟಿಗೆಗೆ ಹೋಗುವುದಿಲ್ಲ. ಅಲ್ಲಿ ಹೇಳಿ ಮುಗಿಸಿದ ಮೇಲೆ ಹಾಕುತ್ತೇನೆ: ಬುಧವಾರ, ಮಾರ್ಚ್ ೧೨.